ನಿಮ್ಮದು ಯಾವ ಮನೆ?

ಅಶ್ವಿತಾ ಡೆಲ್ಲಿ ಕಡೆಯಿಂದ ರಜೆಗೆ ಬಂದದ್ದೇ ತಡ, ಸುಂಟಿಕೊಪ್ಪದಾಚೆಯ ನೆಲ್ಲಿಬೈಲು ಮನೆಯ ಜಗಲಿಗೆ ಬಿಡುವೇ ಇಲ್ಲದಂತಾಯಿತು. ಕಾಫಿ ಕುಯ್ಯುವ ಕಾಲ, ಯಾರಿಗೂ ತಲೆ ತುರಿಸಿಕೊಳ್ಳಲು ಪುರುಸೊತ್ತಿಲ್ಲ. ಆದರೂ ದಾರಿಯಲ್ಲಿ ಹೋಗುವವರೆಲ್ಲ ಒಂದು ಗಳಿಗೆ ಒಳಗೆ ಬಂದು, ಬೆಲ್ಲದ ಕಾಫಿ ಕುಡಿದು, ಅಷ್ಟು ದೊಡ್ಡ ಯೂನಿವರ್ಸಿಟಿ ಹೇಗಿದೆ ಎಂದು ಕೇಳಿಯೇ ಮುಂದೆ ಹೋಗುತ್ತಿದ್ದರು. ದೇಶದ ಶ್ರೀಮಂತರ ಮಕ್ಕಳೆಲ್ಲ ಓದುವ ಕಡೆ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರ್ ಪೊನ್ನಪ್ಪನ ಮಗಳಿಗೆ ಸ್ಕಾಲರ್‌ಶಿಪ್ ಸಿಗುವುದೆಂದರೆ ತಮಾಷೆಯೇ?

ಅಶ್ವಿತಾಳೂ ಕೇಳಿದವರಿಗೆ ಕಡಿಮೆ ಮಾಡಲಿಲ್ಲ. ಹರಿದ ಪ್ಯಾಂಟು ಹಾಕಿಕೊಂಡು ಮೇಜಿನ ಮೇಲೆ ಕೂತು ಪಾಠ ಮಾಡುವ ಪ್ರೊಫೆಸರರ ಬಗ್ಗೆ ಹೇಳಿದಳು. ಅವರನ್ನು ಸರ್ ಎಂದರೆ ಅವರಿಗೆ ಬೇಸರ, ಹೆಸರು ಹಿಡಿದೇ ಕರೆಯಬೇಕು. ಇವಳು ಎರಡೂ ಬಾಯಿಗೆ ಬಾರದೆ ಕೆಮ್ಮಿ ಕರೆಯುತ್ತಿದ್ದಳು. ಊಟದ ಹಾಲ್‌ನಲ್ಲಿ ಬಗೆಬಗೆಯ ಹಸಿ ಸೊಪ್ಪು, ಅನ್ನ ಮಾತ್ರ ಮೂಲೆಯಲ್ಲಿ. ನಡೆದು ದಣಿಯುವಷ್ಟು ದೂರಕ್ಕೆ ಹಸಿರು ಹುಲ್ಲು.

"ಅಷ್ಟ್ ಹುಲ್ಲಿದ್ದೂ, ಒಂದ್ ದನನೂ ಇಲ್ಲೆನಾ?" ಎಂದು ಪೊನ್ನಪ್ಪ ನಿಜವಾದ ಸಂಕಟದಿಂದ ಕೇಳಿದ. ಜಗಲಿ ತುಂಬ ನಗು.

ನಕ್ಕವರಿಗೆ ಗೊತ್ತಿರದ ಸಂಗತಿ ಒಂದಿತ್ತು. ಅಶ್ವಿತಾ ವಾಪಸ್ ಹೋಗುವುದಿಲ್ಲವೆಂದು ತೀರ್ಮಾನಿಸಿಯೇ ರೈಲು ಹತ್ತಿದ್ದಳು. ಮಡಿಕೇರಿಯಲ್ಲೇ ಡಿಗ್ರಿ ಮಾಡಿದರಾಯಿತು, ಅಲ್ಲೇನು ಕಾಲೇಜಿಲ್ಲವೇ? ಹೊರಡಬೇಕಾದದ್ದು ಭಾನುವಾರ. ಅಷ್ಟರೊಳಗೆ ಅಪ್ಪನಿಗೆ ಹೇಳಬೇಕು. ಆದರೆ ಅವಳು ಒಂದೊಂದು ತಮಾಷೆ ಹೇಳಿದಂತೆಲ್ಲ ಅಪ್ಪನ ಮುಖ ಒಂದೊಂದು ಸುತ್ತು ಅರಳುತ್ತಿತ್ತು. ಮಾತು ಬಾಯಲ್ಲಿಟ್ಟ ಬಿಸಿತುಪ್ಪವಾಗಿತ್ತು.

ಇಷ್ಟಕ್ಕೂ ಆಗಿದ್ದೇನು? ಯಾರೂ ಬೈದಿರಲಿಲ್ಲ, ಯಾರೂ ಹಂಗಿಸಿರಲಿಲ್ಲ. ಮೊದಲ ದಿನ ಹೊಸಬರೆಲ್ಲ ಆ ದನವಿಲ್ಲದ ಹುಲ್ಲಿನ ಮೇಲೆ ಸುತ್ತ ಕೂತಿದ್ದರು. ನಿನ್ನ ಬಗ್ಗೆ ಹೇಳು ಎಂದರು. ನಮ್ಮ ಕಡೆ ಹಾಗೆ ಕೇಳಿದರೆ ಹೇಗೆ ಹೇಳುತ್ತಾರೋ ಹಾಗೇ ಹೇಳಿದಳು ಪಾಪ: ನೆಲ್ಲಿಬೈಲು ಮನೆ, ಮಾಯಿಲಪ್ಪನವರ ಮೊಮ್ಮಗಳು, ಪೊನ್ನಪ್ಪನವರ ಮಗಳು, ಅವ್ವ ಸರೋಜ, ಅವಳ ತವರು ಬಾಳೆಗುಂಡಿ ಮನೆ, ಸೋದರಮಾವನಿಗೆ ಕುಟ್ಟದಲ್ಲಿ ಅಂಗಡಿ. ಎಲ್ಲರೂ ಇನ್ನೂ ಏನೋ ಬರಲಿದೆಯೆಂದು ಕಾದರು. ಆಮೇಲೆ ಕಿಸಕ್ಕೆಂದು ನಗು. "ಅದೆಲ್ಲ ಸರಿ, ಯಾವ ಸ್ಕೂಲು?"

ಆ ಪ್ರಶ್ನೆಗೆ ಮಿಕ್ಕವರ ಹತ್ತಿರ ಚಿಕ್ಕ ಉತ್ತರಗಳಿದ್ದವು. ಒಬ್ಬ ಸ್ಕೂಲಿನ ಹೆಸರು ಹೇಳಿದರೆ ಸಾಕು, ಇನ್ನೊಬ್ಬಳು "ಓ, ಹಾಗಾದರೆ ಇಂಥವನು ಗೊತ್ತಿರಬೇಕಲ್ಲ!" ಎಂದು ಹಾರಿಬೀಳುತ್ತಿದ್ದಳು. ಬಿಸಿಲು ಇಳಿಯುವಷ್ಟರಲ್ಲಿ ಅರ್ಧ ಹುಲ್ಲುಗಾವಲು ಒಬ್ಬರಿಗೊಬ್ಬರು ನೆಂಟರಾಗಿತ್ತು. ಸುಂಟಿಕೊಪ್ಪದ ಶಾಲೆಯ ಹೆಸರು ಕೇಳಿ ಯಾರೂ ಹಾರಿಬೀಳಲಿಲ್ಲ. ಅಂದಿನಿಂದ ಎಲ್ಲರೂ ಅವಳನ್ನು ಕಂಡು ನಗುತ್ತಿದ್ದರು, "ಒಂದಿನ ಕಾಫಿಗೆ ಸಿಗೋಣ" ಎನ್ನುತ್ತಿದ್ದರು. ಆ ಒಂದಿನ ಮಾತ್ರ ಬರಲೇ ಇಲ್ಲ. ಕಾಫಿ ತೋಟದಲ್ಲಿ ಹುಟ್ಟಿದ ಹುಡುಗಿ ಒಂದು ಲೋಟ ಕಾಫಿಗಾಗಿ ಕಾದು ಕಾದು ಸೋತಳು. ಯಾರಿಗೂ ತಾನು ಏನೂ ಅಲ್ಲ ಎನಿಸುವ ದುಃಖ ಬಹಳ ಕೆಟ್ಟದ್ದು. ಅದಕ್ಕೆ ಜ್ವರದ ಹಾಗೆ ಮಾತ್ರೆಯೂ ಇಲ್ಲ.

ಹೀಗಿರುವಾಗ ಶುಕ್ರವಾರ ಅವಳ ಫೋನಿಗೆ ಮೆಸೇಜು ಬಂತು. ಕಳಿಸಿದವನು ಸಿದ್ಧಾರ್ಥ, ಅವಳದೇ ಕ್ಲಾಸಿನವನು, ಆ ಹುಲ್ಲಿನ ಮೇಲೆ ಎಲ್ಲರಿಗಿಂತ ಹೆಚ್ಚು ನೆಂಟರನ್ನು ಸಂಪಾದಿಸಿದ ಹುಡುಗ. ಅಪ್ಪ ಅಮ್ಮನ ಜೊತೆ ಕೊಡಗಿಗೆ ಬಂದಿದ್ದಾನಂತೆ, ಅವರು ಹೋಂಸ್ಟೇಯಲ್ಲಿ ಮಲಗಿದ್ದಾರಂತೆ, ತಾನು ಬಂದು ಹೋಗಲೇ ಎಂದು ಕೇಳಿದ್ದ. ಬೇಡ ಎನ್ನುವುದಕ್ಕೆ ನೆಲ್ಲಿಬೈಲು ಮನೆಯಲ್ಲಿ ರೂಢಿಯಿಲ್ಲ. ಅಶ್ವಿತಾ ದಾರಿ ಕಳಿಸಿದಳು.

ಮಧ್ಯಾಹ್ನ ಟ್ಯಾಕ್ಸಿ ಅಂಗಳಕ್ಕೆ ಬಂತು. ಇಳಿದವರು ಇಬ್ಬರು, ಸಿದ್ಧಾರ್ಥ ಮತ್ತು ಡ್ರೈವರ್ ಹುಡುಗ ದಿಗಂತ್. ಜಗಲಿಯ ಮೇಲೆ ಅಜ್ಜಿ ವನಜಮ್ಮ ಕಾಲು ಚಾಚಿ ಕೂತಿದ್ದಳು. ಯಾರೇ ಬರಲಿ, ಯಾವ ಮನೆಯವರೆಂದು ಕೇಳಿ, ತಮಗೇನಾಗಬೇಕೆಂದು ಲೆಕ್ಕ ಹಾಕಿ ಮುಗಿಸದೆ ಅಜ್ಜಿ ಯಾರನ್ನೂ ಮೆಟ್ಟಿಲು ಹತ್ತಿಸುವವಳಲ್ಲ. ಬಂದವನು ಅಣ್ಣನೋ ಭಾವನೋ ಗೊತ್ತಾಗದೆ ಊಟಕ್ಕೆ ಏಳಿ ಎನ್ನುವುದಾದರೂ ಹೇಗೆ?

"ನೀ ಯಾವ ಮನೆ ಹೈದ?" ಎಂದು ಮೊದಲು ದಿಗಂತನನ್ನು ಕೇಳಿದಳು.

ಅವನು ಮನೆ ಹೇಳಿದ. ಅಜ್ಜಿ ಕಣ್ಣು ಮುಚ್ಚಿ ಒಂದು ಹೆಸರಿನಿಂದ ಇನ್ನೊಂದಕ್ಕೆ ದಾಟಿದಳು. "ಹಂಗಾರೆ ಕಾಂತಮ್ಮನ ಮೊಮ್ಮಗ! ನನ್ನ ಅಕ್ಕನ ನಾದಿನಿ ಅವಳ್. ಒಳಗೆ ಬಾ, ಕಾಫಿ ಕುಡಿ."

ದಿಗಂತ್ ಚಪ್ಪಲಿ ಕಳಚಿ ಸೀದಾ ಅಡಿಗೆಮನೆಗೇ ಹೋದ. ಸಿದ್ಧಾರ್ಥ ಅಂಗಳದ ಬಿಸಿಲಲ್ಲಿ ಉಳಿದ.

"ಇವ ಯಾವ ಮನೆ?"

ಅಶ್ವಿತಾ ಅವನ ಭಾಷೆಗೆ ತಿರುಗಿಸಿ ಕೇಳಿದಳು. ಅವನು ಯಾವುದೋ ಟವರಿನ ಹೆಸರು, ಹದಿನಾಲ್ಕನೇ ಮಹಡಿ ಎಂದ.

"ಅದ್ ಇರುವ ಜಾಗ. ನಾ ಕೇಳ್ದ್ ಮನೆ. ಅಜ್ಜನ ಹೆಸ್ರೇನ್? ಯಾವ ಊರ್?"

ಸಿದ್ಧಾರ್ಥ ತಡವರಿಸಿದ. ಅಜ್ಜನನ್ನು ದಾದಾಜಿ ಎಂದೇ ಕರೆದು ಗೊತ್ತು. ಅವರ ಊರು ಯಾವುದೋ. ಅಪ್ಪನಿಗೆ ವರ್ಗವಾಗುತ್ತಲೇ ಇದ್ದುದರಿಂದ ಇವನು ಚಿಕ್ಕಂದಿನಿಂದಲೂ ಬೋರ್ಡಿಂಗ್ ಸ್ಕೂಲಿನಲ್ಲಿದ್ದವನು. ಅಮ್ಮನಿಗೆ ಫೋನ್ ಮಾಡಿ ಕೇಳಿದ. ನಿದ್ದೆಯಲ್ಲಿದ್ದ ಆಕೆ, ಅಪ್ಪ ಎದ್ದ ಮೇಲೆ ಕೇಳಿ ಹೇಳುತ್ತೇನೆ ಎಂದಳು. ಕ್ಯಾಂಪಸ್ಸಿನಲ್ಲಿ ಗುಂಪಿನ ನಡುವೆಯೇ ಓಡಾಡುವ ಹುಡುಗ ಇಲ್ಲಿ ಕಿವಿ ಕೆಂಪಾಗಿಸಿಕೊಂಡು ನಿಂತಿದ್ದ. ದೂರದ ಬೆಟ್ಟ ನುಣ್ಣಗೆ ಎನ್ನುವುದು ಸುಳ್ಳಲ್ಲ. ಅಶ್ವಿತಾಳಿಗೆ ನಗು ಬರಬೇಕಿತ್ತು, ಬರಲಿಲ್ಲ. ಅಯ್ಯೋ ಅನಿಸಿತು.

ಅಜ್ಜಿಗೂ ಹಾಗೇ ಅನಿಸಿರಬೇಕು. "ಪಾಪದ ಹೈದ. ಅಜ್ಜನ ಹೆಸ್ರೂ ಗೊತ್ತಿಲ್ಲೆ" ಎಂದು ಎಲೆಅಡಿಕೆ ಬಾಯಿಗೆ ಹಾಕಿಕೊಂಡಳು. ಬೇಲಿಯಾಚೆ ಕಾಫಿ ಕುಯ್ಯುವವರ ನಾಲ್ಕಾರು ತಲೆಗಳು ಆಗಲೇ ಮೇಲೆದ್ದು, ಪೊನ್ನಪ್ಪನ ಮಗಳನ್ನು ಹುಡುಕಿಕೊಂಡು ಬಂದ ಹುಡುಗನನ್ನು ನೋಡುತ್ತಿದ್ದವು. ಅಜ್ಜಿ ಅವರಿಗೂ ಕೇಳುವ ಹಾಗೆ ತೀರ್ಪು ಕೊಟ್ಟಳು. "ಇಂದಿಂದ ಇವ ನಮ್ಮ ಬಳಿಯವ. ಅಶ್ವಿತಾಂಗೆ ಅಣ್ಣ."

ಬಳಿಯೆಂದರೆ ಗೋತ್ರದ ಹಾಗೆ. ಒಂದೇ ಬಳಿಯವರೆಂದರೆ ಒಡಹುಟ್ಟಿದವರ ಲೆಕ್ಕ, ಅಲ್ಲಿ ಮದುವೆಯ ಮಾತಿಗೆ ಜಾಗವೇ ಇಲ್ಲ. ಹಾವೂ ಸಾಯಲಿಲ್ಲ, ಕೋಲೂ ಮುರಿಯಲಿಲ್ಲ. ಬೇಲಿಯಾಚೆಯ ತಲೆಗಳು ನಿರಾಸೆಯಿಂದ ಕೆಳಗಿಳಿದವು. ಸಿದ್ಧಾರ್ಥನಿಗೆ ವಿಷಯ ತಿಳಿಸಿದಾಗ ಅವನ ಮುಖ ಊರಗಲ ಆಯಿತು. ಅಜ್ಜಿಯ ಕಾಲು ಹಿಡಿದು ನಮಸ್ಕರಿಸಿದ, ಮೆಟ್ಟಿಲು ಹತ್ತಿದ, ಸರೋಜ ಬಡಿಸಿದ ಕಡುಬು ಮತ್ತು ಕೋಳಿ ಸಾರು ಬೆವರು ಸುರಿಸಿಕೊಂಡು ತಿಂದ. ಮನೆಯ ಮಗನಾದ ಮೇಲೆ ಕೂರಿಸಿ ಉಪಚರಿಸುವುದುಂಟೇ? ಸಂಜೆ ಪೊನ್ನಪ್ಪ ಅವನ ಕೈಗೆ ಕಾಫಿ ಗೋರುವ ಗೋರುಮಣೆ ಕೊಟ್ಟ. ಕಣದಲ್ಲಿ ಒಣ ಹಾಕಿದ್ದ ಕಾಫಿಯನ್ನು ಅವನು ಒಂದಿಷ್ಟು ರಾಶಿ ಮಾಡಿದ, ಒಂದಿಷ್ಟು ಚೆಲ್ಲಿದ.

ಹೊರಡುವಾಗ ಕಾರಿನ ಬಾಗಿಲು ಹಿಡಿದು ನಿಂತು ಅವನು ಹೇಳಿದ: "ಅವತ್ತು ನೀನು ಅಷ್ಟುದ್ದ ಹೇಳಿದಾಗ ನಾವು ನಕ್ಕೆವು. ಸಾರಿ. ಇವತ್ತು ನನ್ನ ಹತ್ತಿರ ಹೇಳೋಕೆ ಏನೂ ಇರಲಿಲ್ಲ."

ಕಾರು ತಿರುವಿನಲ್ಲಿ ಮರೆಯಾಯಿತು. ಅಜ್ಜಿ ಜಗಲಿಯಿಂದಲೇ ಕೇಳಿದಳು: "ಇಷ್ಟ್ ತಿಂಗ್ಳ್ ಒಟ್ಟಿಗೆ ಓದಿಯೂ ನಿಂಗೆ ಅವನ ಮನೆ ಗೊತ್ತಿಲ್ಲೆ ಅಲ್ಲಾ?"

"ಅಲ್ಲಿ ಯಾರೂ ಅದ್ನೆಲ್ಲ ಕೇಳುದಿಲ್ಲೆ ಅಜ್ಜಿ. ನನ್ನ ಯಾರೂ ಕೇಳಿತ್ಲೆ."

"ಅವು ಕೇಳದಿದ್ರೆ ಬುಡ್. ನೀ ಕೇಳಿದ್ಯಾ?"

ನೆಲ್ಲಿಬೈಲಿನ ಮೊಮ್ಮಗಳಾಗಿ, ಮೆಟ್ಟಿಲು ಹತ್ತುವ ಮೊದಲೇ ಕೇಳಬೇಕಾದ ಪ್ರಶ್ನೆಯನ್ನು ಅಶ್ವಿತಾ ಒಬ್ಬರನ್ನೂ ಕೇಳಿರಲಿಲ್ಲ. ಎದುರು ರೂಮಿನ ಹುಡುಗಿ ನೆನಪಾದಳು. ಎಲ್ಲೋ ಜಾರ್ಖಂಡ್ ಕಡೆಯವಳು, ತಟ್ಟೆ ಹಿಡಿದು ಯಾವಾಗಲೂ ಕಿಟಕಿ ಪಕ್ಕದಲ್ಲಿ ಒಬ್ಬಳೇ ಕೂರುವವಳು. ಒಮ್ಮೆ ಬಾಗಿಲಲ್ಲಿ ಎದುರಾದಾಗ ಅವಳು ಏನೋ ಹೇಳಲು ನಿಂತಿದ್ದಳು. ಅಶ್ವಿತಾ ಅವಸರದಲ್ಲಿ ನಕ್ಕು, "ಒಂದಿನ ಕಾಫಿಗೆ ಸಿಗೋಣ" ಎಂದು ಹೋಗಿದ್ದಳು. ಅದೇ ಮಾತು, ಅದೇ ನಗು. ನೆನೆಸಿಕೊಂಡು ಅವಳಿಗೆ ನಾಚಿಕೆಯಾಯಿತು.

ಹಾಸ್ಟೆಲ್ ಗ್ರೂಪಿನಿಂದ ನಂಬರು ಹುಡುಕಿ, ಕಣದ ಕಟ್ಟೆಯ ಮೇಲೆ ಕೂತು ಬರೆದಳು: "ನಾನು ಎದುರು ರೂಮಿನ ಅಶ್ವಿತಾ. ನಿಮ್ಮದು ಯಾವ ಮನೆ? ಅಜ್ಜ ಅಜ್ಜಿ ಯಾರು? ಪೂರ್ತಿ ಹೇಳು."

ಆ ಕಡೆ ಟೈಪಿಂಗ್ ಶುರುವಾಯಿತು. ನಿಂತಿತು. ಮತ್ತೆ ಶುರುವಾಯಿತು. ಸರೋಜ ತಂದಿಟ್ಟ ಕಾಫಿ ಆರಿಹೋಗುವ ಹೊತ್ತಿಗೆ ಉತ್ತರ ಬಂತು. ಎಷ್ಟು ಉದ್ದವೆಂದರೆ ಬೆರಳಲ್ಲಿ ತಳ್ಳಿದಷ್ಟೂ ಇತ್ತು: ಒಂದು ಹೊಳೆ, ಹೊಳೆಯಾಚೆಯ ಊರು, ಅಜ್ಜ, ಅಜ್ಜನ ತಮ್ಮಂದಿರು, ಅಮ್ಮನ ತವರು, ಸೋದರಮಾವಂದಿರು. ಕೊನೆಗೆ ಒಂದು ಸಾಲು: "ಇಲ್ಲಿಯವರೆಗೆ ಯಾರೂ ಕೇಳಿರಲಿಲ್ಲ. ನೀನು ವಾಪಸ್ ಬರ್ತೀ ತಾನೆ?"

ಪೊನ್ನಪ್ಪ ಕಾಫಿ ರಾಶಿಗೆ ಟಾರ್ಪಾಲು ಎಳೆಯುತ್ತಿದ್ದ. ಅಶ್ವಿತಾ ಎದ್ದು ಇನ್ನೊಂದು ತುದಿ ಹಿಡಿದಳು.

"ಅಪ್ಪ, ಭಾನುವಾರ ಎಷ್ಟೊತ್ತಿಗೆ ಹೊರಡ್ದು?"

"ಬೆಳಿಗ್ಗೆ ಬೇಗ. ಯಾಕೆ?"

"ಎಂಥ ಇಲ್ಲೆ. ಎರಡ್ ಜನಕ್ಕೆ ಆಗುವಷ್ಟ್ ಕಾಫಿ ಪುಡಿ ಕಟ್ಟಿಕೊಡಕ್ಕೆ ಅವ್ವಂಗೆ ಹೇಳಿ."

ಜಗಲಿಯಿಂದ ಅಜ್ಜಿಯ ಸ್ವರ ಬಂತು. "ಎರಡನೇ ಜನ ಯಾರ್? ಯಾವ ಮನೆ?"

ಅಶ್ವಿತಾ ಅಜ್ಜಿಯ ಪಕ್ಕ ಹೋಗಿ ಕೂತು, ಫೋನು ತೆರೆದು, ಮೊದಲಿನಿಂದ ಓದಿ ಹೇಳತೊಡಗಿದಳು.