ಸೇತುವೆಯ ಮೇಲೆ ಮೂರು ಮೀಟರ್

"ಏಳು ಕಂಬಗಳು, ಎರಡನೆಯದು ಎಲ್ಲಕ್ಕಿಂತ ಎತ್ತರ," ಎಂದು ಕನ್ನಡಿಯ ಮುಂದೆ ಮೂರನೆಯ ಸಲ ಹೇಳುವಾಗ ಮೋಹನದಾಸನ ಗಲ್ಲಕ್ಕೆ ಬ್ಲೇಡು ತಾಗಿತು. ರಕ್ತ ಹೆಚ್ಚೇನೂ ಬರಲಿಲ್ಲ. ಇನ್ನೊಂದಿಷ್ಟು ಬಂದಿದ್ದರೆ ಉಪನ್ಯಾಸ ತಪ್ಪಿಸಿಕೊಳ್ಳಲು ಒಂದು ನೆಪವಾದರೂ ಸಿಗುತ್ತಿತ್ತು.

ಹೊರಗಿನಿಂದ ಹೆಂಡತಿ ಸ್ವರ್ಣಲತಾ ಕೇಳಿದಳು. "ಯಾವ ಶರ್ಟು ಹಾಕ್ತೀರಿ? ಫ್ರಾನ್ಸಿದ್ದಾ?"

"ಯಾವುದಾದ್ರೂ ಆಗ್ತದೆ."

"ಫ್ರಾನ್ಸಿದ್ದೇ ಹಾಕಿ. ಜನ ನೋಡ್ತಾರೆ."

ಫ್ರಾನ್ಸಿನ ಶರ್ಟು ಎಂದರೆ ಹೋದ ವರ್ಷ ಮೇ ತಿಂಗಳಲ್ಲಿ ಅವನು ತೊಟ್ಟು ಹೊರಟಿದ್ದ ನೀಲಿ ಚೌಕುಳಿ ಶರ್ಟು. ಆ ಶರ್ಟು ಫ್ರಾನ್ಸನ್ನು ನೋಡಿರಲಿಲ್ಲ. ಮೋಹನದಾಸನೂ ನೋಡಿರಲಿಲ್ಲ. ಈ ಸಂಗತಿ ಅವರಿಬ್ಬರಿಗೆ ಬಿಟ್ಟರೆ ಬೇರೆ ಯಾರಿಗೂ ಗೊತ್ತಿಲ್ಲವೆಂದು ಅವನು ನಂಬಿದ್ದ.

ಅವನು ಸೇತುವೆಗಳ ಇಂಜಿನಿಯರ್. ಆಸ್ಟ್ರೇಲಿಯಾದ ಚಾಟ್ಸ್‌ವುಡ್‌ನ ಆಫೀಸೊಂದರ ಹನ್ನೊಂದನೇ ಮಹಡಿಯಲ್ಲಿ ಕೂತು ಆರು ವರ್ಷಗಳಿಂದ ಕಾರ್ ಪಾರ್ಕುಗಳ ರ‍್ಯಾಂಪುಗಳನ್ನು ಲೆಕ್ಕ ಹಾಕುತ್ತಿದ್ದ. ರ‍್ಯಾಂಪು ಕೂಡ ಒಂದು ಬಗೆಯ ಸೇತುವೆಯೇ ಎಂದು ಮೊದಲ ವರ್ಷ ಹೆಂಡತಿಗೆ ವಿವರಿಸಿದ್ದ. ಎರಡನೆಯ ವರ್ಷ ವಿವರಿಸುವುದನ್ನು ಬಿಟ್ಟ. ಬದುಕಿನಲ್ಲಿ ಒಮ್ಮೆ ನಿಜವಾದ ಸೇತುವೆಗಳನ್ನು ಕಣ್ಣಾರೆ ನೋಡಬೇಕೆಂದು ರಜೆ ಕೂಡಿಟ್ಟು ಫ್ರಾನ್ಸಿಗೆ ಟಿಕೆಟ್ ಬುಕ್ ಮಾಡಿದ. ದಕ್ಷಿಣದಲ್ಲಿ ರೋಮನರು ಕಟ್ಟಿದ ಮೂರಂತಸ್ತಿನ ಕಲ್ಲಿನ ಕಮಾನುಗಳು, ನಡುನಾಡಿನ ಗುಡ್ಡಗಳ ನಡುವೆ ಗರಾಬಿಯ ಕಬ್ಬಿಣದ ಸೇತುವೆ, ನಾರ್ಮಂಡಿಯಲ್ಲಿ ಕೇಬಲ್ಲುಗಳಿಂದ ಎತ್ತಿ ಹಿಡಿದದ್ದು, ಕಟ್ಟಕಡೆಗೆ ಮೋಡಕ್ಕಿಂತ ಮೇಲೆ ನಿಂತ ಮಿಯೋ.

ಬೀಳ್ಕೊಡಲು ಅವರಿದ್ದ ರೌಸ್ ಹಿಲ್‌ನ ಏಳು ಮನೆಯವರು ಬಂದರು. ಗೋಳಿಬಜೆಯಾಯಿತು. ಅವರಲ್ಲಿ ಹಿರಿಯರಾದ ಜಯಲಕ್ಷ್ಮಿ ಆಂಟಿ ಹಣೆಗೆ ಕುಂಕುಮವಿಟ್ಟರು. ಗೆಳೆಯ ಲ್ಯಾನ್ಸ್‌ಲೊಟ್ ತನ್ನ ವ್ಯಾನಿನಲ್ಲಿ ಏರ್‌ಪೋರ್ಟಿಗೆ ಬಿಟ್ಟು, ಕೈ ಬೀಸಿ ಹೋದ. ಕೌಂಟರಿನ ಹುಡುಗಿ ಅವನ ಭಾರತದ ಪಾಸ್‌ಪೋರ್ಟನ್ನು ಎರಡು ಸಲ ತಿರುವಿ ವೀಸಾ ಎಲ್ಲಿ ಎಂದು ಕೇಳಿದಳು.

ಅವನು ಆಸ್ಟ್ರೇಲಿಯಾದಲ್ಲಿ ಕಾಯಂ ಇರಲು ಕೊಟ್ಟ ಪಿಆರ್ ಸ್ಟಿಕ್ಕರ್ ತೋರಿಸಿದ. ಅದೇ ಸ್ಟಿಕ್ಕರಿನ ಬಲದಲ್ಲಿ ಎರಡು ಸಲ ನ್ಯೂಜಿಲೆಂಡಿಗೆ ಹೋಗಿಬಂದಿದ್ದ, ಯಾರೂ ತಡೆದಿರಲಿಲ್ಲ. ನ್ಯೂಜಿಲೆಂಡ್ ಬಿಟ್ಟದ್ದನ್ನು ಫ್ರಾನ್ಸೂ ಬಿಡುತ್ತದೆಂದು ಧೈರ್ಯವಾಗಿದ್ದ. ಪ್ರತಿ ತೊಲೆಯ ಭಾರವನ್ನೂ ಒಂದೂವರೆ ಪಟ್ಟು ಮಾಡಿ ನೋಡುವ ಮನುಷ್ಯ ಈ ಒಂದು ಪ್ರಶ್ನೆಯನ್ನು ಯಾರಲ್ಲೂ ಕೇಳಿರಲಿಲ್ಲ. ಹುಡುಗಿ ಬಹಳ ಮೃದುವಾಗಿ ಸಾರಿ ಹೇಳಿದಳು.

ಕುಂಕುಮ ಹಣೆಯ ಮೇಲೆ ಇನ್ನೂ ಹಸಿಯಾಗಿತ್ತು. ಅದನ್ನು ಹೊತ್ತುಕೊಂಡು ಏಳು ಮನೆಗಳ ಮುಂದೆ ಮರಳಿ ಹೋಗಿ ಯಾವ ಮುಖ ತೋರಿಸುವುದು? ಅವನು ಬಸ್ಸು ಹಿಡಿದು ಡೊಮೆಸ್ಟಿಕ್ ಟರ್ಮಿನಲ್ಲಿಗೆ ಹೋಗಿ, ಮೊದಲು ಸಿಕ್ಕಿದ ವಿಮಾನದಲ್ಲಿ ಮೆಲ್ಬೋರ್ನಿಗೆ ಹೋದ.

ಅಲ್ಲಿ ವೆಸ್ಟ್ ಗೇಟ್ ಸೇತುವೆಯ ಹತ್ತಿರದ ಮೋಟೆಲಿನಲ್ಲಿ ಹನ್ನೆರಡು ದಿನ. ಬೆಳಿಗ್ಗೆ ಏಳಕ್ಕೆ ಫೋನ್ ಕಾರ್ಡಿನಿಂದ ಮನೆಗೆ ಫೋನ್ ಮಾಡಿ, "ಇಲ್ಲಿ ರಾತ್ರಿ ಹನ್ನೊಂದು, ಮಲಗ್ಲಿಕ್ಕೆ ಹೊರಟೆ," ಎನ್ನುತ್ತಿದ್ದ.

"ಹಕ್ಕಿ ಕೂಗ್ತಾ ಉಂಟಲ್ಲ," ಎಂದಿದ್ದಳು ಸ್ವರ್ಣಲತಾ ಒಮ್ಮೆ.

"ಇಲ್ಲಿಯ ಹಕ್ಕಿಗಳು ಹಾಗೆಯೇ."

ಹಗಲೆಲ್ಲ ಸೇತುವೆಯ ಕೆಳಗೆ ಕೂರುತ್ತಿದ್ದ. ಮೇಲೆ ಲಾರಿಗಳು ಹಾಯುವಾಗ ಸಂದಿಗಳು ಧಡ್ ಧಡ್ ಎನ್ನುತ್ತಿದ್ದವು. ಕಟ್ಟುತ್ತಿರುವಾಗಲೇ ಕುಸಿದು ಮೂವತ್ತೈದು ಜನರನ್ನು ಬಲಿ ತೆಗೆದುಕೊಂಡ ಸೇತುವೆ ಅದು. ಅಲ್ಲಿಯ ಸ್ಮಾರಕದ ಮೇಲೆ ಕೆತ್ತಿದ ಸತ್ತವರ ಹೆಸರುಗಳನ್ನು ಓದಿ ಓದಿ ಅವನಿಗೆ ಬಾಯಿಪಾಠವಾಯಿತು. ಹೇಳಿದರೆ ಯಾರೂ ನಂಬಲಾರರು, ಆ ಹನ್ನೆರಡು ದಿನ ಅವನು ಸುಖವಾಗಿದ್ದ. ಅವನು ಎಲ್ಲಿದ್ದಾನೆಂದು ಭೂಮಿಯ ಮೇಲೆ ಒಬ್ಬರಿಗೂ ಗೊತ್ತಿರಲಿಲ್ಲ. ಆ ಸುಖವನ್ನು ಸ್ವರ್ಣಲತಾಗೆ ಹೇಳಬೇಕೆಂದು ಮನಸ್ಸು ಒಂದು ವರ್ಷದಿಂದ ತುಡಿಯುತ್ತಿತ್ತು. ಆದರೆ ಅದನ್ನು ಹೇಳಲು ಹೊರಟರೆ ಸುಳ್ಳನ್ನೂ ಒಪ್ಪಿಕೊಳ್ಳಬೇಕಾಗುತ್ತದೆ. ಇವತ್ತು ಉಪನ್ಯಾಸಕ್ಕೆ ಮೊದಲೇ, ಕಾರಿನಲ್ಲೇ ಹೇಳಿಬಿಡುವುದೆಂದು ಮುಖ ತೊಳೆಯುವಷ್ಟರಲ್ಲಿ ನಿಶ್ಚಯಿಸಿದ.

"ಸ್ವರ್ಣ, ಒಂದು ಮಾತುಂಟು," ಎಂದ, ಕಾರು ದೊಡ್ಡ ರಸ್ತೆಗೆ ಬಂದ ಮೇಲೆ.

ಅವಳ ತೊಡೆಯ ಮೇಲೆ ಇಪ್ಪತ್ತೈದು ಜನರಿಗಾಗುವಷ್ಟು ಕಡಲೆ ಗಸಿಯ ಪಾತ್ರೆಯಿತ್ತು. "ಮೆಲ್ಲ ತಿರುಗಿಸಿ. ಪೆಂಡಲ್ ಹಿಲ್ಲಲ್ಲಿ ಅಂಗಡಿ ಹತ್ರ ಒಮ್ಮೆ ನಿಲ್ಸಿ, ಕೊತ್ತಂಬರಿ ಸೊಪ್ಪು ತಗೊಳ್ಬೇಕು."

"ಸೇತುವೆಯ ವಿಷಯ."

"ಅದು ಹೇಗೂ ಅಲ್ಲಿ ಹೇಳ್ತೀರಲ್ಲ."

ಮುಂದಿನ ರೌಂಡ್ ಅಬೌಟಿನಲ್ಲಿ ಗಸಿ ತುಳುಕಿ ಅವಳ ಸೀರೆಗೆ ಚೆಲ್ಲಿತು. ಆಮೇಲಿನ ಮಾತೆಲ್ಲ ಸೀರೆಯದೇ ಆಯಿತು.

ಪೆಂಡಲ್ ಹಿಲ್‌ನ ಹಾಲಿನಲ್ಲಿ ಕರಾವಳಿಯ ಕುಟುಂಬಗಳು ತಿಂಗಳಿಗೊಮ್ಮೆ ಸೇರುತ್ತಿದ್ದವು. ಮೊದಲು ಊಟ, ಆಮೇಲೆ ಉಪನ್ಯಾಸ ಎಂದಿದ್ದ ಕಾಲದಲ್ಲಿ ಉಪನ್ಯಾಸಕನ ಹೆಂಡತಿಯನ್ನು ಬಿಟ್ಟರೆ ಕೇಳಲು ಯಾರೂ ಉಳಿಯುತ್ತಿರಲಿಲ್ಲ. ಹಾಗಾಗಿ ಜಯಲಕ್ಷ್ಮಿ ಆಂಟಿ ಒಂದು ಕಾನೂನು ಮಾಡಿದ್ದರು. ಊಟ ಅಡುಗೆಮನೆಯಲ್ಲಿರುತ್ತದೆ, ಅಡುಗೆಮನೆಗೆ ಬೀಗವಿರುತ್ತದೆ, ಬೀಗದ ಕೈ ಅವರ ಸೊಂಟದಲ್ಲಿರುತ್ತದೆ. ಉಪನ್ಯಾಸ ಮುಗಿದು ಪ್ರಶ್ನೆಗಳೂ ಮುಗಿದ ಮೇಲೆ ಅದು ಹೊರಗೆ ಬರುತ್ತದೆ. ಅಂದಿನಿಂದ ಸಭೆಗೆ ಜ್ಞಾನದಾಹ ಹೆಚ್ಚಿ, ಪ್ರಶ್ನೆಗಳು ಕಡಿಮೆಯಾಗಿದ್ದವು.

ಮೋಹನದಾಸ ಚೆನ್ನಾಗಿಯೇ ಮಾತಾಡಿದ. ಇಂಟರ್ನೆಟ್ಟಿನಿಂದ ಇಳಿಸಿಕೊಂಡ ಚಿತ್ರಗಳು ಒಂದೊಂದಾಗಿ ಗೋಡೆಯ ಮೇಲೆ ಬಿದ್ದವು.

"ಮೋಹನ್, ನೀವು ಒಂದರಲ್ಲೂ ಇಲ್ವಲ್ಲ?" ಎಂದರು ಆಂಟಿ.

"ಫೋಟೋ ತೆಗ್ದದ್ದು ನಾನಲ್ವಾ ಆಂಟಿ."

ಸಭೆ ನಕ್ಕಿತು. ಅವನೂ ನಕ್ಕ. ಅವಿನ್ಯೋನಿನ ಸೇತುವೆ ತೋರಿಸಿದ. ಇಪ್ಪತ್ತೆರಡು ಕಮಾನುಗಳಿದ್ದವು, ಹೊಳೆ ಹದಿನೆಂಟನ್ನು ಒಯ್ದಿದೆ. ಈಗ ಜನ ಟಿಕೆಟ್ ಕೊಂಡು ಅರ್ಧ ಹೊಳೆಯವರೆಗೆ ಹೋಗಿ, ನೀರು ನೋಡಿ, ಹೋದ ದಾರಿಯಲ್ಲೇ ವಾಪಸ್ ಬರುತ್ತಾರೆ ಎಂದ. ಹಿಂದಿನ ಸಾಲಿನಲ್ಲಿ ಯಾರೋ ಆಕಳಿಸಿದರು. ಬಾಗಿಲ ಸಂದಿಯಿಂದ ಗಸಿಯ ವಾಸನೆ ಬರುತ್ತಿತ್ತು.

ಮಿಯೋ ಬಂದಾಗ ಮಾತ್ರ ಅವನು ಮೈಮರೆತ. ಇನ್ನೂರ ನಲವತ್ತೈದು ಮೀಟರ್ ಎತ್ತರದ ಕಂಬ, ಕೆಳಗೆಲ್ಲೋ ದಾರದಂಥ ಟಾರ್ನ್ ನದಿ. ಆ ಸೇತುವೆಯ ನಕ್ಷೆಗಳನ್ನು ಅವನು ಎಷ್ಟು ಸಲ ನೋಡಿದ್ದನೆಂದರೆ ತನ್ನ ಮನೆಯ ನೀರಿನ ಪೈಪು ಎಲ್ಲಿ ಹೋಗುತ್ತದೆಂದು ತಿಳಿಯದವನಿಗೆ ಅದರ ಪ್ರತಿ ಬೋಲ್ಟೂ ಗೊತ್ತಿತ್ತು.

"ರಸ್ತೆಯ ಅಂಚಿಗೆ ಮೂರು ಮೀಟರ್ ಜಾಗ ಬಿಟ್ಟಿದ್ದಾರೆ. ನಾನು ಅಲ್ಲಿ ನಿಂತೆ. ಮಧ್ಯಾಹ್ನ ಎರಡು ಗಂಟೆಗೆ. ಕಾಲ ಕೆಳಗೆ ಮೋಡ ಹೋಗ್ತಾ ಇತ್ತು."

ನಕ್ಷೆಯಲ್ಲಿ ಮೂರು ಮೀಟರ್ ಇತ್ತು. ಮೂರು ಮೀಟರ್ ಜಾಗದಲ್ಲಿ ಒಬ್ಬ ಮನುಷ್ಯ ಧಾರಾಳವಾಗಿ ಹಿಡಿಸುತ್ತಾನೆ. ಅವನು ತನ್ನನ್ನು ತಾನೇ ತಂದು ಅಲ್ಲಿ ನಿಲ್ಲಿಸಿದ್ದ.

ಲ್ಯಾನ್ಸ್‌ಲೊಟ್ ಕೈ ಎತ್ತಿದ. ಹೋಟೆಲೊಂದರ ಅಡುಗೆಮನೆ ನೋಡಿಕೊಳ್ಳುತ್ತಿದ್ದ ಅವನು ಈ ವರ್ಷ ಈಸ್ಟರಿಗೆ ಹೆಂಡತಿ ಕ್ಲೌಡಿಯಾಳ ಜೊತೆ ಲೂರ್ದ್ ಮಾತೆಯ ಯಾತ್ರೆಗೆ ಹೋಗಿ, ಬಸ್ಸಿನಲ್ಲಿ ಅರ್ಧ ಫ್ರಾನ್ಸ್ ಸುತ್ತಿ ಬಂದಿದ್ದ.

"ಮೋಹನ್, ಆ ಬ್ರಿಡ್ಜಲ್ಲಿ ಜನ ನಡೀಲಿಕ್ಕೆ ಬಿಡುದಿಲ್ಲ ಅಲ್ವಾ ಮಾರಾಯ? ಗಾಡಿ ನಿಲ್ಸ್ಲಿಕ್ಕೂ ಇಲ್ಲ. ನಮ್ಮ ಗೈಡ್ ಹೇಳಿದ್ದು."

ಮೋಹನದಾಸ ಗೋಡೆಯ ಮೇಲಿನ ಮಿಯೋವನ್ನು ತಿರುಗಿ ನೋಡಿದ. ನಕ್ಷೆಯಲ್ಲಿ ಕಾನೂನು ಬರೆದಿರುವುದಿಲ್ಲ. ಆದರೆ ಹೆದರಿಕೆಯ ಹಿಂದೆಯೇ ಇನ್ನೇನೋ ಹಗುರವಾದದ್ದು ಬಂತು. ಮುಗಿಯಿತು, ಇನ್ನು ಹೇಳಿಬಿಡಬಹುದು. ಅವನು ಬಾಯಿ ತೆರೆದ.

"ಇವರಿಗೆ ಲೆಟರ್ ಕೊಟ್ಟಿದ್ರು," ಎಂದಳು ಸ್ವರ್ಣಲತಾ ಎರಡನೆಯ ಸಾಲಿನಿಂದ. "ಆಫೀಸಿಂದ. ಇಂಜಿನಿಯರ್ ಅಂತ ಸ್ಪೆಷಲ್ ಪರ್ಮಿಶನ್."

ಅಂಥ ಯಾವ ಲೆಟರೂ ಇರಲಿಲ್ಲ. ಅವನು ಹೆಂಡತಿಯ ಮುಖ ನೋಡಿದ. ಅವಳು ಸೀರೆಯ ಕಲೆಯನ್ನು ಕರ್ಚೀಫಿನಿಂದ ಒರೆಸುತ್ತಿದ್ದಳು.

"ಹಾಗಾದ್ರೆ ಸರಿ," ಎಂದು ಲ್ಯಾನ್ಸ್‌ಲೊಟ್ ಕೂತ. ಜಯಲಕ್ಷ್ಮಿ ಆಂಟಿ ಬೀಗದ ಕೈ ತೆಗೆದರು. ಚಪ್ಪಾಳೆ ಜೋರಾಗಿತ್ತು.

ತಟ್ಟೆ ಹಿಡಿದು ಸಾಲಿನಲ್ಲಿ ನಿಂತಾಗ ಲ್ಯಾನ್ಸ್‌ಲೊಟ್ ಹತ್ತಿರ ಬಂದು ದನಿ ತಗ್ಗಿಸಿದ. "ಒಂದು ವಿಷಯ ಹೇಳ್ತೇನೆ, ಯಾರಿಗೂ ಹೇಳ್ಬೇಡ. ಆ ಬ್ರಿಡ್ಜ್ ಬರುವಾಗ ನಾನು ನಿದ್ದೆ ಮಾಡಿದ್ದೆ. ಎದ್ದಾಗ ದಾಟಿ ಆಗಿತ್ತು. ಎಲ್ಲರ ಹತ್ರ ನೋಡಿದ್ದೇನೆ ಅಂತ ಹೇಳಿಯಾಗಿದೆ. ಮೇಲಿಂದ ನಿಜವಾಗಿ ಹೇಗೆ ಕಾಣ್ತದೆ?"

"ನಾನು ಹೋಗ್ಲೇ ಇಲ್ಲ, ಲ್ಯಾನ್ಸಿ."

"ಎಲ್ಲಿಗೆ?"

"ಫ್ರಾನ್ಸಿಗೆ."

ಲ್ಯಾನ್ಸ್‌ಲೊಟ್ ಅವನ ಬೆನ್ನಿಗೆ ಗುದ್ದಿ ನಕ್ಕ. "ನನಗೆ ಬೇಜಾರಾಗ್ಬಾರ್ದು ಅಂತ ಹೇಳ್ತಿ. ನೀನು ಒಳ್ಳೆಯ ಜನ ಮಾರಾಯ." ಅವನ ಕಣ್ಣು ನಿಜಕ್ಕೂ ಒದ್ದೆಯಾಗಿತ್ತು. ತಟ್ಟೆಗೆ ಇನ್ನೊಂದು ಸೌಟು ಗಸಿ ಹಾಕಿಸಿಕೊಂಡು ಹೋದ.

ಊಟ ಮುಗಿಯುವಷ್ಟರಲ್ಲಿ ಆಂಟಿ ಒಂದು ಕಾಗದ ಹಿಡಿದು ಓಡಾಡತೊಡಗಿದರು. ಮುಂದಿನ ಮೇ ತಿಂಗಳಲ್ಲಿ ಗುಂಪಾಗಿ ಫ್ರಾನ್ಸಿಗೆ. ಹದಿನಾಲ್ಕು ಹೆಸರುಗಳಾಗಿದ್ದವು. ಮೊದಲನೆಯದು ಸ್ವರ್ಣಲತಾಳದು, ಅವಳದೇ ಅಕ್ಷರದಲ್ಲಿ. ಮೋಹನದಾಸನ ಹೆಸರು ಪಟ್ಟಿಯಲ್ಲಿರಲಿಲ್ಲ. ಕಾಗದದ ನೆತ್ತಿಯ ಮೇಲೆ, ಗೈಡ್ ಎಂಬುದರ ಎದುರು ಇತ್ತು.

ಮರಳುವಾಗ ನಾಲ್ಕು ಗಂಟೆಯ ಬಿಸಿಲು. ಖಾಲಿ ಪಾತ್ರೆ ಅವಳ ತೊಡೆಯ ಮೇಲೆ.

"ಯಾವ ಲೆಟರ್?" ಎಂದು ಕೇಳಿದ.

"ಎಂತದು?"

"ಆಫೀಸಿಂದ ಕೊಟ್ಟದ್ದು ಅಂತ ಹೇಳಿದೆಯಲ್ಲ."

"ಎಲ್ಲರಿಗೂ ಹಸಿವಾಗಿತ್ತು."

ಒಂದು ವರ್ಷದಿಂದ ಒಂದೇ ಮನೆಯಲ್ಲಿ, ಒಂದೇ ಸುಳ್ಳಿನೊಂದಿಗೆ ಇಬ್ಬರೂ ಬೇರೆ ಬೇರೆಯಾಗಿ ಇದ್ದೆವೇ ಎಂದು ಯೋಚಿಸಿದಾಗ ಅವನಿಗೆ ಹೆದರಿಕೆಯಾಯಿತು. ಸಿಕ್ಕಿಬಿದ್ದ ಹೆದರಿಕೆಯಲ್ಲ. ಸಿಕ್ಕಿಬಿದ್ದೂ ಏನೂ ಆಗದ ಹೆದರಿಕೆ.

"ಸ್ವರ್ಣ, ನಾನು ಫ್ರಾನ್ಸಿಗೆ ಹೋಗ್ಲಿಲ್ಲ. ಮೆಲ್ಬೋರ್ನಿನಲ್ಲಿ ಇದ್ದೆ. ಅಲ್ಲಿ ಒಂದು ಸೇತುವೆ..."

"ಈಗ ಹೇಳ್ಬೇಡಿ," ಎಂದಳು ಅವಳು, ಕಿಟಕಿಯ ಹೊರಗೆ ನೋಡುತ್ತ. ದನಿಯಲ್ಲಿ ಸಿಟ್ಟಿರಲಿಲ್ಲ. "ಹದಿನಾಲ್ಕು ಜನ ಹೆಸರು ಕೊಟ್ಟಾಗಿದೆ."

"ಅಲ್ಲಿ ನಾನು..."

"ಸಿಗ್ನಲ್ ಬಿತ್ತು, ನೋಡಿ."

ಅವನು ಬ್ರೇಕ್ ಒತ್ತಿದ. ಯಾರೋ ರಸ್ತೆ ದಾಟಲೆಂದು ಗುಂಡಿ ಒತ್ತಿ, ಕಾಯಲಾರದೆ ಹೊರಟುಹೋಗಿದ್ದರು. ಆ ಕಡೆ ಯಾರೂ ಇಲ್ಲ, ಈ ಕಡೆ ಯಾರೂ ಇಲ್ಲ. ಬಿಳಿಗೆರೆಗಳ ನಡುವಿನ ಖಾಲಿ ಜಾಗದ ಎರಡೂ ಬದಿಗೆ ಕಾರುಗಳು ಸಾಲುಗಟ್ಟಿ ಶಿಸ್ತಿನಿಂದ ನಿಂತವು. ಗುಂಡಿಯಿದ್ದ ಕಂಬದ ಪೆಟ್ಟಿಗೆ ಟಕಟಕನೆ ಬಡಿದುಕೊಳ್ಳುತ್ತ, ದಾಟಿ ದಾಟಿ ಎಂದು ಅವಸರಪಡಿಸುತ್ತಿತ್ತು. ಮೇಲೆ ದೀಪದೊಳಗಿನ ಹಸಿರು ಮನುಷ್ಯ ಒಂದು ಕಾಲು ಮುಂದಿಟ್ಟು, ಇನ್ನೊಂದನ್ನು ಎತ್ತಿ, ಹಾಗೆಯೇ ನಿಂತಿದ್ದ.