ನೋವು ಬಿಟ್ಟುಹೋದ ಬೆರಳುಗಳು

ಎದೆಯ ಗಡ್ಡೆ ತೆಗೆದ ಮೇಲೆ ಡಾಕ್ಟರಮ್ಮ ಐದು ವರ್ಷ ನುಂಗಬೇಕೆಂದು ಹಳದಿ ಮಾತ್ರೆ ಬರೆದುಕೊಟ್ಟರು. ಮುಟ್ಟು ನಿಂತರೂ ಮೈಯ ಕೊಬ್ಬು ಹೆಣ್ಣು ಹಾರ್ಮೋನನ್ನು ಸದ್ದಿಲ್ಲದೆ ತಯಾರಿಸುತ್ತಲೇ ಇರುತ್ತದಂತೆ. ನನಗೆ ಬಂದ ಬಗೆಯ ಕ್ಯಾನ್ಸರಿಗೆ ಅದೇ ಊಟವಂತೆ. ಮಾತ್ರೆ ಆ ತಯಾರಿಯನ್ನೇ ನಿಲ್ಲಿಸುತ್ತದೆ.

ಕ್ಯಾನ್ಸರಿನ ಹೊಟ್ಟೆಯ ಮೇಲೆ ಹೊಡೆಯಲು ಹೋದ ಮಾತ್ರೆ ನನ್ನ ಹೊಟ್ಟೆಯ ಮೇಲೂ ಹೊಡೆಯಿತು. ನಾನು ದರ್ಜಿ. ಬೆಳಿಗ್ಗೆ ಎದ್ದರೆ ಬೆರಳು ಮಡಚಲು ಬಾರದು, ಕಾಜ ಹೊಲಿಯುವಾಗ ಕಣ್ಣಲ್ಲಿ ನೀರು. ಇದ್ದಕ್ಕಿದ್ದಂತೆ ಮೈ ಕಾದು ಬೆವರು ಬೇರೆ. ಮಾತ್ರೆಯನ್ನು ಹಾಳೆಯಿಂದ ಒತ್ತಿ ತೆಗೆಯುವುದೂ ಆಗದೆ, ವಾರದ ಡಬ್ಬಿ ತುಂಬುವ ಕೆಲಸ ಮಗನಿಗೆ ಬಿತ್ತು. ಅವನು ಜಿಮ್ಮಿನಲ್ಲಿ ಕಸರತ್ತು ಕಲಿಸುವವನು. ನನ್ನ ಮಗ ಅಪರಂಜಿ ಎಂದು ಗಿರಾಕಿಗಳ ಮುಂದೆ ಕೊಚ್ಚಿಕೊಂಡೆ.

ಎರಡು ತಿಂಗಳಲ್ಲಿ ನೋವು ಮಂಗಮಾಯ. ತಪಾಸಣೆಗೆ ಹೋದಾಗ ಬೆರಳು ಮಡಚಿ, ಬಿಚ್ಚಿ, ಹೆಮ್ಮೆಯಿಂದ ತೋರಿಸಿದೆ. ಡಾಕ್ಟರಮ್ಮ ನಗಲಿಲ್ಲ. ಡಬ್ಬಿ ಕೇಳಿ ಪಡೆದು, ಒಂದು ಮಾತ್ರೆ ಮೂಸಿ ನೋಡಿದರು.

"ಇದು ಬರೀ ವಿಟಮಿನ್ ಕಣಮ್ಮಾ. ಮನೇಲಿ ಯಾರಾದ್ರೂ ಜಿಮ್ಮಿಗೆ ಹೋಗ್ತಾರಾ?"

"ಮಗ. ಯಾಕೆ?"

"ಮೈ ಉಬ್ಬಿಸೋಕೆ ಗಂಡು ಹಾರ್ಮೋನ್ ಚುಚ್ಚಿಸ್ಕೋತಾರೆ. ಅದ್ರಲ್ಲಿ ಸ್ವಲ್ಪ ಮೈಯೊಳಗೇ ಹೆಣ್ಣು ಹಾರ್ಮೋನ್ ಆಗಿ ಎದೆ ಬೆಳೆಯುತ್ತೆ. ಅದನ್ನ ತಡೆಯೋಕೆ ಕೆಲವರು ಕದ್ದುಮುಚ್ಚಿ ನಿಮ್ಮ ಮಾತ್ರೇನೇ ನುಂಗ್ತಾರೆ."

ಹೊಸ ಅಂಗಿಗೆ ಅಳತೆ ತೆಗೆಯಲು ಹೋದಾಗ ಮಗ ಎದೆಗೆ ಟೇಪು ತಾಗಿಸಗೊಟ್ಟಿರಲಿಲ್ಲ. ಹಳೇ ಅಂಗಿ ನೋಡಿ ಹೊಲಿ ಅಂದಿದ್ದ. ಹೊಲಿದೆ, ಪೆದ್ದಿ ನಾನು.

ಮನೆಗೆ ಬಂದವಳೇ ಡಬ್ಬಿಯನ್ನು ಅವನ ಮುಂದೆ ಕುಕ್ಕಿದೆ. ಅವನು ಸುಳ್ಳು ಹೇಳಲಿಲ್ಲ.

"ಡಾಕ್ಟರ ಹತ್ರ ಹೋಗೋಕೆ ನಾಚಿಕೆಯಾಯ್ತಮ್ಮ. ಚೀಟಿ ಇಲ್ದೆ ಅಂಗಡೀಲಿ ಕೊಡಲ್ಲ. ಅಷ್ಟಕ್ಕೂ ನಿನ್ನ ಕೈನೋವು ಹೋಯ್ತಲ್ಲ, ಖುಷಿಯಾಗೇ ಇದ್ದೆಯಲ್ಲ."

"ಗಡ್ಡೆ ಮತ್ತೆ ಬಂದ್ರೆ?"

"ಇಷ್ಟಕ್ಕೆಲ್ಲ ಬರಲ್ಲ ಅಂದ್ಕೊಂಡೆ."

ಅಂದುಕೊಂಡನಂತೆ. ಹೆತ್ತ ಹೊಟ್ಟೆಗೆ ಬೆಂಕಿ ಬಿತ್ತು. ಗಡ್ಡೆ ಮತ್ತೆ ಬಂದಿದೆಯೋ ಇಲ್ಲವೋ ಡಾಕ್ಟರಮ್ಮನೂ ಈಗಲೇ ಹೇಳಲಾರರು. ಕಾದು ನೋಡಬೇಕಂತೆ.

ಈಗ ಹಾಳೆಯನ್ನು ಕತ್ತರಿಯಿಂದ ಕತ್ತರಿಸಿ ನಾನೇ ಮಾತ್ರೆ ತೆಗೆದುಕೊಳ್ಳುತ್ತೇನೆ. ಕೆಲವು ವಾರಗಳ ಮೇಲೆ ಒಂದು ಬೆಳಿಗ್ಗೆ ಬೆರಳುಗಳು ಸೆಟೆದು ನಿಂತವು, ಸೂಜಿ ಕೈಜಾರಿತು. ಮಾತ್ರೆ ನಿಜದ್ದೆಂದು ಖಾತ್ರಿಯಾಗಿ, ಯಂತ್ರದ ಮುಂದೆ ಕೂತು ಬಿಕ್ಕಿದೆ. ಅಳು ಕೇಳಿ ಮಗ ಓಡಿಬಂದು ನನ್ನ ಕೈ ಹಿಡಿದು ಒತ್ತತೊಡಗಿದ.

ನೋಯುತ್ತಿದ್ದ ಕೈಯನ್ನೇ ಕಿತ್ತುಕೊಂಡೆ.