ಹಿಂಡಿ ತೆಗೆದ ನೀರು

ಹಾಗಲಕಾಯಿಯ ಎರಡು ಏಣುಗಳ ನಡುವೆ ಒಂದು ನೀರಹನಿ ನಿಂತಿದೆ, ಜಾರುವುದಿಲ್ಲ, ಮಣೆಯ ಮೇಲೆ ಕಾಯಿಯನ್ನು ಹೊರಳಿಸಿದರೂ ತನ್ನ ಕಣಿವೆಯನ್ನು ಬಿಡುವುದಿಲ್ಲ — ಅಮ್ಮಾ ಅನ್ನಪೂರ್ಣೆ, ಆರು ರಸಗಳ ಒಡತಿ, ಶಿಶುವಿಗೆ ಸಿಹಿಯನ್ನು, ಬಸುರಿಗೆ ಹುಳಿಯನ್ನು, ಬೆವರಿದವನಿಗೆ ಉಪ್ಪನ್ನು ಹಂಚಿಕೊಟ್ಟವಳೇ, ಕಹಿಯನ್ನು ಯಾರಿಗೆಂದು ತೆಗೆದಿರಿಸಿರುವೆ, ಒಲೆಯ ಅಗ್ನಿಗೂ ನಿನಗೂ ಕೈಮುಗಿದು ಚೂರಿ ಹಿಡಿದಿದ್ದೇನೆ, ಇದೊಂದು ದಿನ ಈ ಕೈಯನ್ನು ನೀನೇ ನಡೆಸು — ಕಾಯಿ ಎರಡು ಹೋಳಾಯಿತು, ಒಳಗಿನ ಬೀಜ ಇನ್ನೂ ಬಿಳಿ, ಎಳೆಯದನ್ನೇ ಕೊಟ್ಟಿದ್ದಾನೆ ನೌಷಾದ್, ಕೆಳಗಿನ ಅಂಗಡಿಯಲ್ಲಿ ತರಕಾರಿ ಮಾರುವವನು, ಎಂತ ಮಾಷ್ಟ್ರೇ ಮೂರು ದಿವಸದಿಂದ ಹಾಗಲಕಾಯಿಯೇ, ಶುಗರಾ ಎಂದು ನಕ್ಕವನು, ನಗಲಿ, ಮೂವತ್ತೆಂಟು ವರ್ಷ ಪುತ್ತೂರಿನ ಮಕ್ಕಳಿಗೆ ಸಂಸ್ಕೃತ ಕಲಿಸಿ, ಸಂಜೆಯ ಹೊತ್ತು ಪುರಾಣ ಹೇಳಿ, ಮದುವೆಯೆಂಬ ಆಶ್ರಮವನ್ನೇ ಮರೆತು, ಗಂಜಿ ಉಪ್ಪಿನಕಾಯಿಗಳ ಆಚೆಗೆ ಪಾಕಶಾಸ್ತ್ರದ ಒಂದಕ್ಷರವನ್ನೂ ಅರಿಯದ ಈ ಕುಕ್ಕಪ್ಪ ಮಾಷ್ಟ್ರು ಅರುವತ್ತೇಳನೆಯ ವಯಸ್ಸಿನಲ್ಲಿ ಚೂರಿ ಹಿಡಿದರೆ ಕಬಕದ ಪೇಟೆ ನಗದೆ ಇನ್ನೇನು ಮಾಡೀತು. ಒಳಕೋಣೆಯಲ್ಲಿ ಅಕ್ಕ ಮಗ್ಗುಲು ಬದಲಿಸಿದ ಸದ್ದು, ಮಂಚದ ಒಂದು ಕಾಲು ಮಾತ್ರ ಕಿರುಗುಟ್ಟುತ್ತದೆ, ಅವಳ ಭಾರಕ್ಕೆ ಅಷ್ಟೂ ಹೆಚ್ಚು, ಇಪ್ಪತ್ತೆರಡು ದಿನದ ಹಿಂದೆ ಬಿಟ್ಟ ಜ್ವರ ಹೋಗುವಾಗ ನಾಲಿಗೆಯ ರುಚಿಯನ್ನೂ ಕಟ್ಟಿಕೊಂಡು ಹೋಯಿತು, ಅನ್ನವೂ ಹಾಲೂ ಬೆಲ್ಲವೂ ಒಂದೇ, ಅಡಿಕೆಯ ಸಿಪ್ಪೆ ಜಗಿದ ಹಾಗೆ ಎನ್ನುತ್ತಾಳೆ, ತುಟಿ ಬಿಗಿದು ಮುಖವನ್ನು ಗೋಡೆಗೆ ತಿರುಗಿಸುತ್ತಾಳೆ, ಶುಕ್ರವಾರ ಮನೆಗೇ ಬಂದು ನೋಡಿದ ಡಾಕ್ಟರ್ ದೀಪ್ತಿ, ನನ್ನಲ್ಲೇ ಶಬ್ದರೂಪಗಳನ್ನು ಕಲಿತ ಹುಡುಗಿ, ಜಗಲಿಗೆ ಕರೆದು ತಗ್ಗಿದ ದನಿಯಲ್ಲಿ ಹೇಳಿದಳು, ಸೋಮವಾರ ಬೆಳಗ್ಗಿನವರೆಗೆ ನೋಡುವ ಮಾಷ್ಟ್ರೇ, ಬಾಯಿಯಿಂದ ಎಂತಾದರೂ ಹೋಗುದಾದರೆ ಸರಿ, ಇಲ್ಲದಿದ್ದರೆ ಮೂಗಿನಿಂದ ನಳಿಗೆ ಹಾಕುದೇ. ಗೋಡೆಗೆ ಮುಖ ಮಾಡಿದ್ದ ಅಕ್ಕ ಅದನ್ನು ಕೇಳಿಸಿಕೊಂಡಿದ್ದಳು, ದೀಪ್ತಿ ಮೆಟ್ಟಿಲಿಳಿದ ಮೇಲೆ ನನ್ನ ಮಣಿಗಂಟನ್ನು ಹಿಡಿದಳು, ಹಿಡಿತದಲ್ಲಿ ಬಲವಿರಲಿಲ್ಲ, ಬೇಡ ತಮ್ಮ, ಮೂಗಿಗೆ ಅದು ಬೇಡ, ನಾನು ತಲೆಯಾಡಿಸಿದೆ, ಆಡಿಸಿದ ತಲೆ ಮಾತು ಕೊಟ್ಟ ಹಾಗೆ, ಮತ್ತೆ ಬಹಳ ಹೊತ್ತಿನ ನಂತರ, ನಿದ್ದೆಯಲ್ಲಿ ಹೇಳಿದಂತೆ, ಹಾಗಲಕಾಯಿ ಇದ್ದರೆ ಆಗಿತ್ತ್ ಎಂದಳು. ಇಪ್ಪತ್ತೆರಡು ದಿನಗಳಲ್ಲಿ ಅವಳು ಬೇಕೆಂದದ್ದು ಅದೊಂದನ್ನೇ. ಇಂದು ಭಾನುವಾರ.

ಹೋಳುಗಳಿಗೆ ಉಪ್ಪು ಸವರಬೇಕು, ಒಂದು ಚಿಟಿಕೆ ಅರಿಸಿನ, ಅರ್ಧ ಗಳಿಗೆ ಬಿಡಬೇಕು, ಆಮೇಲೆ ಹಿಂಡಬೇಕು, ಇದು ಮೂರನೆಯ ಪ್ರಯೋಗ, ಹಳೆಯ ಹಸ್ತಪ್ರತಿಗಳನ್ನು ಎದುರುಬದುರಾಗಿ ಇಟ್ಟುಕೊಂಡು ಶುದ್ಧಪಾಠವನ್ನು ನಿರ್ಣಯಿಸುವ ಹಾಗೆ ಪಾಕದ ಪಾಠಾಂತರಗಳನ್ನೂ ನಿರ್ಣಯಿಸಬಹುದೆಂದು ತಿಳಿದವನು ನಾನು, ಶುಕ್ರವಾರ ಸಂಜೆ ಹಿಂಡಿ ಹುಣಸೆಹುಳಿಯಲ್ಲಿ ಬೇಯಿಸಿದೆ, ಶನಿವಾರ ಎದುರುಮನೆಯ ಗೋದಾವರಿಯಮ್ಮ ಹೇಳಿದಂತೆ ರಾತ್ರಿಯಿಡೀ ಮಜ್ಜಿಗೆಯಲ್ಲಿ ನೆನೆಸಿದ್ದನ್ನು ಹಿಂಡಿ ಒಗ್ಗರಿಸಿದೆ, ಎರಡೂ ಸಲ ಅಕ್ಕ ಒಂದು ಹೋಳನ್ನು ನಾಲಿಗೆಯ ಮೇಲಿರಿಸಿ, ಸಭ್ಯತೆಗಾಗಿ ಎರಡು ಬಾರಿ ಜಗಿದು, ಅಂಗೈಗೆ ಉಗುಳಿದಳು, ಎರಡೂ ಸಲ ಉಳಿದದ್ದನ್ನು ತಿಂದ ನೌಷಾದನ ತಾಯಿ ಕುಂಞಿಪಾತುಮ್ಮ ಮಾತ್ರ ಬೆರಳು ಚೀಪಿದರು, ಅಲ್ಲ ಮಾಷ್ಟ್ರೇ, ಇದು ಹಾಗಲಕಾಯಿಯಾ ಬಾಳೆಕಾಯಿಯಾ, ನಮ್ಮ ಮನೆಯಲ್ಲಿ ನಾವು ಹಿಂಡುದೇ ಇಲ್ಲ, ತೆಳ್ಳಗೆ ಕೊಯ್ದು ನೀರುಳ್ಳಿ ಕಾಯಿಮೆಣಸು ಹಾಕಿ ತೆಂಗಿನೆಣ್ಣೆಯಲ್ಲಿ ಕರುಂಕುರುಂ ಅನ್ನುವವರೆಗೆ ಹುರಿಯುದು, ಮೇಲಿಂದ ಒಣ ಸಿಗಡಿ, ಅದು ನಿಮಗೆ ಆಗುದಿಲ್ಲ ಬಿಡಿ, ಕೈಪೆ ತೆಗೆದರೆ ಮತ್ತೆ ಅದರಲ್ಲಿ ಎಂತ ಉಂಟು. ನಾನು ವಿನಯದಿಂದ ನಕ್ಕೆ, ಅಜ್ಞಾನವನ್ನು ಕ್ಷಮಿಸುವವನ ನಗು ಅದು, ಈಗ ನೆನೆದರೆ ಕಿವಿ ಬಿಸಿಯಾಗುತ್ತದೆ. ಉಪ್ಪು ತನ್ನ ಕೆಲಸ ಮಾಡುತ್ತಿದೆ, ಹೋಳುಗಳ ಅಂಚಿನಲ್ಲಿ ಬೆವರು, ಕೈಗೆ ತೆಗೆದುಕೊಂಡು ಹಿಂಡಿದರೆ ಬಿಳಿಯ ಪಿಂಗಾಣಿ ಬಟ್ಟಲಿಗೆ ಹಸಿರು ನೀರು ತೊಟ್ಟಿಕ್ಕುತ್ತದೆ, ಎಷ್ಟೊಂದು ಹಸಿರು, ಗರಿಕೆಯ ಹಸಿರೂ ಅಲ್ಲ ಪಾಚಿಯ ಹಸಿರೂ ಅಲ್ಲ, ವಾಸನೆ ಮೂಗಿಗೆ ಬಿದ್ದೊಡನೆ ಒಂದು ಬೆರಳು ಕಾಣುತ್ತದೆ, ಬರಿಯ ಬೆರಳು, ತುದಿಯಲ್ಲಿ ಹಸಿರು ಹನಿ, ಯಾರದು, ಮೊನ್ನೆಯೂ ಕಂಡಿತು ನಿನ್ನೆಯೂ ಕಂಡಿತು, ಹಿಂಡುವಾಗ ಮಾತ್ರ ಕಾಣುತ್ತದೆ, ಇರಲಿ, ನನ್ನ ಕುತೂಹಲ ಬೇರೆ, ಕಹಿ ಎಲ್ಲಿಗೆ ಹೋಗುತ್ತದೆ, ಗುಣವು ತನ್ನ ದ್ರವ್ಯವನ್ನು ತೊರೆದು ಒಂಟಿಯಾಗಿ ಸಂಚರಿಸಲಾರದೆಂಬುದು ತರ್ಕದ ಮೊದಲ ಪಾಠ, ಮಲ್ಲಿಗೆಯ ಗಂಧ ಗಾಳಿಗೆ ಬಂತೆಂದರೆ ಮಲ್ಲಿಗೆಯ ಸೂಕ್ಷ್ಮಕಣವೂ ಜೊತೆಗೆ ಬಂತೆಂದೇ ಅರ್ಥ, ಹಾಗಾದರೆ ಕಹಿಯೊಡನೆ ಕಾಯಿಯ ಯಾವುದೋ ಅಂಶವೂ ಈ ನೀರಿಗಿಳಿದಿರಬೇಕಲ್ಲ, ಹೋಳು ತೆಳ್ಳಗಾಯಿತಲ್ಲ, ಎರಡು ದಿನ ಈ ನೀರನ್ನು ವಿಚಾರಿಸದೆ ತೊಟ್ಟಿಗೆ ಚೆಲ್ಲಿದೆ, ಇಂದು ಚೆಲ್ಲುವುದಿಲ್ಲ, ಕಿಟಕಿಯ ದಂಡೆಯ ಮೇಲಿರಲಿ, ಅಡುಗೆ ಮುಗಿದ ಮೇಲೆ ಪರೀಕ್ಷಿಸೋಣ.

ಎಳ್ಳು ಚಟಪಟನೆ ಸಿಡಿಯಿತು, ಕೆಳಗಿಳಿಸು, ಉದ್ದು ಮೆಂತೆ ಕೊತ್ತಂಬರಿ ಒಣಮೆಣಸು ಒಂದೊಂದಾಗಿ, ಒಟ್ಟಿಗೆ ಹುರಿದರೆ ಮೆಂತೆ ಕರಟುತ್ತದೆಂದು ಶುಕ್ರವಾರವೇ ಕಲಿತೆ, ತೆಂಗಿನತುರಿಯೊಡನೆ ಅರೆದು, ಹುಣಸೆಯ ನೀರಲ್ಲಿ ಬೆಂದ ಹೋಳಿಗೆ ಬೆಲ್ಲ, ಇನ್ನೊಂದು ತುಂಡು ಬೆಲ್ಲ, ಮೆಣಸ್ಕಾಯಿ ಎಂದರೆ ಇದು, ಕೊತಕೊತನೆ ಕುದಿಯುವಾಗ ಬಣ್ಣ ಹಳೆಯ ತಾಮ್ರದ ಚೆಂಬಿನ ಹಾಗೆ, ಸಾಸಿವೆ ಕರಿಬೇವಿನ ಒಗ್ಗರಣೆ ಬಿದ್ದೊಡನೆ ಕೆಳಗಿನಿಂದ ಕುಂಞಿಪಾತುಮ್ಮನ ಕೆಮ್ಮು, ನೌಷಾದನ ನಗು, ಸೌಟಿನ ತುದಿಯಿಂದ ಅಂಗೈಗೆ ಒಂದು ತೊಟ್ಟು ಬಿಟ್ಟುಕೊಂಡು ನೆಕ್ಕಿದೆ, ಆಹಾ ಎಂದು ನನ್ನ ಬಾಯಿಯೇ ಅಂದಿತು, ಸಿಹಿ ಮುಂದೆ, ಹುಳಿ ಹಿಂದೆ, ಖಾರ ಗಂಟಲಲ್ಲಿ, ಕಹಿಯ ಸುಳಿವಿಲ್ಲ, ಗೆದ್ದೆನೆಂದುಕೊಂಡೆ. ಬಟ್ಟಲಲ್ಲಿ ನಾಲ್ಕು ಹೋಳು, ಮೆತ್ತಗಿನ ಅನ್ನ ಎರಡು ಚಮಚ, ಅಕ್ಕನನ್ನು ದಿಂಬಿಗೆ ಆನಿಸಿ ಕೂರಿಸಿದೆ, ಅವಳ ಕೊರಳ ಗುಂಡಿಯಲ್ಲಿ ನಾಡಿ ಹಾರುವುದು ಕಾಣುತ್ತದೆ, ಅಕ್ಕ ಪೂವಮ್ಮ ಎಂದರೆ ಮರ್ಕಂಜದ ಹಳ್ಳಿಯಲ್ಲಿ ತಲೆಯ ಮೇಲೆ ಎರಡು ಹೊರೆ ಸೊಪ್ಪು ಹೊತ್ತು ಗುಡ್ಡವಿಳಿಯುತ್ತಿದ್ದವಳು, ನನಗೆ ಮೂರಾಗಿದ್ದಾಗ ತೀರಿದ ಅಮ್ಮನ ಜಾಗದಲ್ಲಿ ನಿಂತವಳು, ನನಗಿಂತ ಹನ್ನೆರಡೇ ವರ್ಷಕ್ಕೆ ದೊಡ್ಡವಳು, ಮುಪ್ಪಿಗೆ ನನ್ನಲ್ಲಿಗೆ ಬಂದವಳು, ಬಾಯಿ ತೆರೆದಳು, ಜಗಿದಳು, ಒಂದು, ಎರಡು, ಮೂರು, ಅಂಗೈ ಮೇಲಕ್ಕೆ ಬಂತು, ಹೋಳು ಅಂಗೈಗೆ ಬಿತ್ತು. ಅವಳಿಗೆ ಸಿಟ್ಟಿಲ್ಲ, ನನ್ನ ಮೇಲೆ ಕನಿಕರ, ಅದನ್ನು ತಾಳಲಾರೆ, ಹೋಳನ್ನು ಅತ್ತಿತ್ತ ಹೊರಳಿಸಿ ನೋಡಿದಳು, ಇದರ್ಲಿ ಎಂತದೂ ಇಲ್ಲೆ ಎಂದಳು, ಮತ್ತೆ, ನಿಜವಾಗಿ ತಿಳಿಯಬೇಕೆಂಬ ಮಗುವಿನಂತೆ ನನ್ನ ಮುಖವನ್ನೇ ನೋಡಿ, ಕೈಪೆ ಎಲ್ಲಿಗೆ ಹೋತ್, ತಮ್ಮ?

ಎಲ್ಲಿಗೆ ಹೋಯಿತು, ಕಿಟಕಿಯ ದಂಡೆಗೆ, ಉತ್ತರ ನನ್ನಲ್ಲಿತ್ತು, ಅಕ್ಷರಶಃ ಇತ್ತು, ಹೇಳುವ ಬದಲು ತಂದು ತೋರಿಸೋಣವೆಂದು ಅಡುಗೆಕೋಣೆಗೆ ಬಂದೆ, ಪಿಂಗಾಣಿಯಲ್ಲಿ ಹಸಿರು ತಿಳಿಯಾಗಿತ್ತು, ತಳದಲ್ಲಿ ಅರಿಸಿನದ ಗೆರೆ, ಕುತೂಹಲಕ್ಕೆ ತೋರುಬೆರಳನ್ನು ಅದ್ದಿ ನಾಲಿಗೆಗಿಟ್ಟುಕೊಂಡೆ — ದೇವರೇ — ನಾಲಿಗೆಯ ಬುಡದಿಂದ ಕಿವಿಯವರೆಗೆ ಒಂದು ದಾರ ಎಳೆದಂತಾಯಿತು, ಬಾಯಿತುಂಬ ನೀರು, ಹೌದು, ಕಹಿ ತಾನು ರುಚಿಸದು, ಆದರೆ ಅರುಚಿಯನ್ನು ಗೆಲ್ಲುವುದು ಅದೇ ಎಂದು ಹಳೆಯ ವೈದ್ಯರು ಹೇಳಿದ್ದನ್ನು ನಾನು ಮೂವತ್ತೆಂಟು ವರ್ಷ ತರಗತಿಯಲ್ಲಿ ಹೇಳಿದ್ದೇನೆ, ವಿರೋಧಾಭಾಸಕ್ಕೆ ಉದಾಹರಣೆಯೆಂದು, ಅಲಂಕಾರವೆಂದು, ಮಕ್ಕಳು ಬರೆದುಕೊಂಡರು, ಅಂಕ ಪಡೆದರು, ಅದು ಅಲಂಕಾರವಲ್ಲ, ಅದೊಂದು ಬಟ್ಟಲು, ಎರಡು ಬಟ್ಟಲನ್ನು ನಾನೇ ತೊಟ್ಟಿಗೆ ಚೆಲ್ಲಿದ್ದೇನೆ, ಅವಳು ಕಹಿ ಬೇಕೆಂದಳು, ನಾನು ರುಚಿ ಕೊಟ್ಟೆ. ಆಗ ಆ ಬೆರಳು ಮತ್ತೆ ಬಂತು, ಈ ಸಲ ಕೈಯೊಡನೆ ಬಂತು, ಕೈಗೆ ಹಸಿರು ಗಾಜಿನ ಬಳೆ, ಹತ್ತೊಂಬತ್ತರ ಅಕ್ಕ, ನನಗೆ ಏಳು, ಜ್ವರ ಬಿಟ್ಟಿದೆ ಊಟ ಬೇಡ, ಯಾರು ಏನಿಟ್ಟರೂ ಉಗುಳುತ್ತೇನೆ, ಅವಳು ಬೇಲಿಯ ಕಾಡುಹಾಗಲದ ಕಿರುಬೆರಳಿನಷ್ಟು ಕಾಯಿಗಳನ್ನು ಕಲ್ಲಿನ ಮೇಲೆ ಉಪ್ಪಿನೊಡನೆ ಜಜ್ಜುತ್ತಾಳೆ, ಬೆರಳು ಅದ್ದುತ್ತಾಳೆ, ಬಾಯಿ ತೆರಿ, ತೆರೆಯುವುದಿಲ್ಲ, ಮೂಗು ಹಿಡಿಯುತ್ತಾಳೆ, ತೆರೆದೆ, ಬೆರಳು ಒಳಗೆ ಬಂತು, ಕಚ್ಚಿದೆ, ಹಲ್ಲು ಊರುವಷ್ಟು ಕಚ್ಚಿದೆ, ಅವಳು ಕೈಯೆಳೆಯಲಿಲ್ಲ, ಕಹಿಯೂ ರಕ್ತವೂ ಒಟ್ಟಿಗೆ ಇಳಿದವು, ಆಮೇಲೆ ಅತ್ತೆ, ಅತ್ತಾದ ಮೇಲೆ ಉಪ್ಪು ಹಾಕಿದ ಗಂಜಿ ಕೇಳಿದೆ, ಅರುವತ್ತು ವರ್ಷ ಇದು ಎಲ್ಲಿ ಅಡಗಿತ್ತು, ಇಷ್ಟೆಲ್ಲ ಶ್ಲೋಕಗಳನ್ನು ನೆನಪಿಟ್ಟವನಿಗೆ ಇದೊಂದು ಮರೆತದ್ದು ಹೇಗೆ.

ಬಟ್ಟಲನ್ನು ಎರಡೂ ಕೈಯಲ್ಲಿ ಹಿಡಿದು ಒಳಗೆ ಹೋದೆ, ತುಳುಕದಂತೆ, ತೀರ್ಥವನ್ನು ಒಯ್ಯುವ ಹಾಗೆ, ಇಲ್ಲಿಗೆ ಹೋಯಿತು ಅಕ್ಕ, ಇಗೋ, ನಾನೇ ಹಿಂಡಿ ತೆಗೆದೆ ಎಂದೆ, ಅವಳು ಬಟ್ಟಲನ್ನು ನೋಡಿದಳು, ನನ್ನನ್ನು ನೋಡಿದಳು, ಓದಿದ್ದು ಹೆಚ್ಚಾತ್ ನಿಂಗೆ ಎಂಬ ಅವಳ ಹಳೆಯ ಕುಹಕ ತುಟಿಯವರೆಗೆ ಬಂದು ಅಲ್ಲೇ ನಿಂತಿತು, ಬಾಯಿ ತೆರಿ ಎಂದು ನಾನು ಹೇಳಬೇಕಾಗಲಿಲ್ಲ, ತಾನೇ ಬೆರಳನ್ನು ಅದ್ದಿದಳು, ನಾಲಿಗೆಗೆ ಇಟ್ಟುಕೊಂಡಳು, ಏನೂ ಆಗಲಿಲ್ಲ, ನಿಲ್ದಾಣದಲ್ಲಿ ರೈಲೊಂದು ಕೂಗಿತು, ಆಮೇಲೆ ಹುಬ್ಬು, ಮೊದಲು ಹುಬ್ಬು ಗಂಟಾಯಿತು, ಕಣ್ಣು ಮುಚ್ಚಿತು, ಕೆನ್ನೆ ಒಳಗೆಳೆದುಕೊಂಡಿತು, ಇಪ್ಪತ್ತೆರಡು ದಿನ ಬರಿಯ ಗೋಡೆಯಂತಿದ್ದ ಮುಖದಲ್ಲಿ ಎಷ್ಟೊಂದು ಸುಕ್ಕು, ಎಷ್ಟೊಂದು ಚಲನೆ, ತುಟಿಯಂಚಿಗೆ ಜೊಲ್ಲು ಬಂತು, ಒರೆಸಿಕೊಳ್ಳಲಿಲ್ಲ, ಇನ್ನೊಮ್ಮೆ ಅದ್ದಿದಳು, ಇನ್ನೊಮ್ಮೆ ಚೀಪಿದಳು, ನಾನು ಮಂಚದ ಕಾಲನ್ನು ಹಿಡಿದು ನೆಲದಲ್ಲೇ ಕುಳಿತೆ, ದೂರುವ ದನಿಯಲ್ಲಿ, ಮರ್ಕಂಜದ ಅಡುಗೆಮನೆಯಲ್ಲಿ ಸೊಸೆಯಂದಿರನ್ನು ನಡುಗಿಸಿದ ಅದೇ ದನಿಯಲ್ಲಿ ಅಕ್ಕ ಹೇಳಿದಳು, ಉಪ್ಪು ಹೆಚ್ಚಾತ್.

ಉಪ್ಪು ಹೆಚ್ಚಾಯಿತಂತೆ, ಉಪ್ಪು, ಅವಳಿಗೆ ಉಪ್ಪು ತಿಳಿಯಿತು, ಯಾವ ವೇದಘೋಷವೂ ನನ್ನ ಕಿವಿಗೆ ಇಷ್ಟು ಇಂಪಾಗಿ ಬಿದ್ದಿರಲಿಲ್ಲ, ಒಲೆಯ ಮೇಲೆ ಗಂಜಿಯ ಪಾತ್ರೆ ಇಡಬೇಕು, ದೀಪ್ತಿಗೆ ಫೋನ್ ಮಾಡಬೇಕು, ಕುಂಞಿಪಾತುಮ್ಮನಲ್ಲಿ ತಪ್ಪೊಪ್ಪಿಕೊಳ್ಳಬೇಕು, ಏಳಲಾರೆ, ಹೆಚ್ಚಾಯಿತೇ ಅಕ್ಕ, ನಿಜವಾಗಿಯೂ ಹೆಚ್ಚಾಯಿತೇ ಎಂದು ಎರಡು ಸಲ ಕೇಳಿದೆ, ನಂಬಿಕೆ ಬಾರದವನೊಡನೆ ವಾದ ಬೇಡವೆಂಬಂತೆ ಅವಳು ಮೂರನೆಯ ಬಾರಿ ಅದ್ದಿ, ಈ ಬಾರಿ ಬೆರಳನ್ನು ನನ್ನ ಬಾಯಿಯ ಮುಂದೆ ಹಿಡಿದಳು, ನೀನೇ ನೋಡ್, ಎಂದಳು, ಬೆರಳಿನ ಮೇಲಿನ ಗೆಣ್ಣಿನ ಕೆಳಗೆ ಅರ್ಧಚಂದ್ರದಂಥ ಬಿಳಿಯ ಗುರುತು, ಎರಡು ಹಾಲುಹಲ್ಲಿನಷ್ಟು ಅಗಲ, ತುದಿಯಲ್ಲಿ ಹಸಿರು ಹನಿ, ಜಾರುವುದಿಲ್ಲ — ಪುರಾಣ ಮುಗಿಸಿದವನು ಫಲಶ್ರುತಿ ಹೇಳದೆ ಏಳಬಾರದು, ಕೇಳುವವರು ಯಾರೂ ಇಲ್ಲದಿದ್ದರೂ ಹೇಳಬೇಕು — ಬೆರಳು, ತುದಿಯಲ್ಲಿ ಹಸಿರು ಹನಿ — ಇದು ಯಾರ ಕಿವಿಗೆ ಬಿದ್ದರೂ ಅವರ ನಾಲಿಗೆ ಬರಿದಾಗದಿರಲಿ, ಅವರ ಒಲೆ ಆರದಿರಲಿ, ಉಪ್ಪು ಹೆಚ್ಚಾಯಿತೆಂದು ದೂರುವವರು ಅವರ ಮನೆಯಲ್ಲಿ ನೂರು ವರ್ಷ ಬಾಳಲಿ, ಎಲ್ಲರಿಗೂ ಮಂಗಳವಾಗಲಿ.